ಮಂಚದ ಮೇಲೆ ಯಾರೋ ಮಲಗಿದ್ದಾರೆ

ಊರವರಿಗೆಲ್ಲ ಮಂಚ ಮಾರುವ ಮನುಷ್ಯ ತಾನು ಮಾತ್ರ ನೆಲದ ಮೇಲೆ ಮಲಗುತ್ತಿದ್ದ ಎಂದರೆ ಯಾರಾದರೂ ನಗುತ್ತಾರೆ. ಆಗ್ಲಪ್ಪನ ಹೆಂಡತಿ ಮಾತ್ರ ನಗುತ್ತಿರಲಿಲ್ಲ, ಏಕೆಂದರೆ ಅದೇ ನೆಲದ ಮೇಲೆ ಅವಳೂ ಮಲಗಬೇಕಾಗಿತ್ತು. ಹಗಲೆಲ್ಲ ಫರ್ನಿಚರ್ ಅಂಗಡಿಯ ಮಹಡಿಯಲ್ಲಿ ನಿಂತು, ಬಂದ ಗಿರಾಕಿಗಳಿಗೆ ಈ ಹಾಸಿಗೆಯ ಮೇಲೆ ಒಮ್ಮೆ ಬೆನ್ನು ಹಾಕಿ ನೋಡಿ, ಎದ್ದೇಳಲು ಮನಸ್ಸೇ ಬರುವುದಿಲ್ಲ ಎಂದು ವರ್ಣಿಸುತ್ತಿದ್ದ ಆಸಾಮಿ, ಮನೆಗೆ ಬಂದರೆ ಹಾಲಿನಲ್ಲಿ ಫ್ರಿಜ್ಜಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಚಾಪೆ ಬಿಡಿಸುತ್ತಿದ್ದ. ಫ್ರಿಜ್ಜು ಗುರ್ರೆಂದಾಗಲೆಲ್ಲ ಅದು ಗಂಡನ ಗೊರಕೆಯೆಂದು ತಿಳಿದು ಅವಳು ಅವನ ಪಕ್ಕೆಗೆ ತಿವಿಯುತ್ತಿದ್ದಳು.

ಆಗ್ಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಹೇಳಿದರೂ "ಆಗ್ಲಿ" ಎನ್ನುವುದು ಅವನ ಅಭ್ಯಾಸ. ರಜೆಯ ದಿನ ಕೆಲಸಕ್ಕೆ ಬಾ ಎಂದರೆ ಆಗ್ಲಿ, ನಮ್ಮ ಬೀರುವನ್ನು ನಾಲ್ಕನೇ ಮಹಡಿಗೆ ಹೊತ್ತುಕೊಡು ಎಂದರೆ ಆಗ್ಲಿ. ಒಮ್ಮೆ ಪಕ್ಕದ ಬೀದಿಯ ಅಪರಿಚಿತನೊಬ್ಬ ತನ್ನ ನಾಯಿಯನ್ನು ಸ್ವಲ್ಪ ಹಿಡಿದುಕೊಳ್ಳಿ ಎಂದು ಹೇಳಿ ಹೋದವನು ಕತ್ತಲಾದ ಮೇಲೆ ಬಂದಿದ್ದ. ಅಲ್ಲಿಯವರೆಗೂ ಈತ ನಾಯಿ ಹಿಡಿದುಕೊಂಡು ನಿಂತೇ ಇದ್ದ. ಕೊನೆಗೆ ನಾಯಿಗೇ ಇವನ ಮೇಲೆ ಮರುಕ ಬಂದಂತಿತ್ತು.

ಇಂಥವನ ಮನೆಗೆ ಅವನ ಅಣ್ಣ ಬಂದು ಸೇರಿದ್ದರು. ಅಣ್ಣ ನಿವೃತ್ತ ಡ್ರಿಲ್ ಮೇಷ್ಟ್ರು, ಮದುವೆಯಾಗದವರು. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿ ಬೆಳೆಸಿದವರು ಅವರೇ. ತಮ್ಮನಿಗೆ ಅವರೆಂದರೆ ಪ್ರೀತಿಯೂ ಇತ್ತು, ಅದಕ್ಕಿಂತ ಹೆಚ್ಚು ಭಯವೂ ಇತ್ತು. ಎರಡು ಬೀದಿ ಆಚೆ ಇರುವ ನನ್ನ ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಒಂದು ವಾರ ಇಲ್ಲಿರುತ್ತೇನೆ ಎಂದು ಪೆಟ್ಟಿಗೆ ಸಮೇತ ಬಂದವರು ಮನೆಯಲ್ಲಿದ್ದ ಒಂದೇ ಒಂದು ಮಲಗುವ ಕೋಣೆಯಲ್ಲಿ ಬಿಡಾರ ಹೂಡಿದರು. ಬಣ್ಣ ಹೊಡೆದದ್ದಾಯಿತು, ಒಣಗಿದ್ದಾಯಿತು, ಬಿಸಿಲಿಗೆ ಸ್ವಲ್ಪ ಮಾಸಿದ್ದೂ ಆಯಿತು. ಮೇಷ್ಟ್ರು ಮಾತ್ರ ಅಲ್ಲಾಡಲಿಲ್ಲ. ದಿನಾ ಬೆಳಕು ಹರಿಯುವ ಮುಂಚೆಯೇ ಕೊರಳಲ್ಲಿದ್ದ ಸೀಟಿಯನ್ನು ಊದುತ್ತ ಹಾಲಿಗೆ ಬಂದು, ಚಾಪೆಯ ಮೇಲಿದ್ದ ದಂಪತಿಗಳನ್ನು ದಾಟಿಕೊಂಡು ಕಿಟಕಿ ತೆರೆದು, ಉಸಿರು ಒಳಗೆ ಎಳೆದುಕೊಳ್ಳುವಂತೆ ಇಬ್ಬರಿಗೂ ಆಜ್ಞೆ ಮಾಡುತ್ತಿದ್ದರು.

ಹೆಂಡತಿ ಸಹಿಸುವಷ್ಟು ಸಹಿಸಿದಳು. ಅವಳು ಕೆಟ್ಟವಳಲ್ಲ, ಭಾವನವರಿಗೆ ಎರಡು ಹೊತ್ತು ಬಿಸಿಬಿಸಿ ಊಟ ಬಡಿಸುತ್ತಿದ್ದಳು. ಆದರೆ ಗಂಡನ ಜೊತೆ ಗುಟ್ಟಾಗಿ ಎರಡು ಮಾತಾಡಬೇಕೆಂದರೆ ಅವರಿಬ್ಬರೂ ಮನೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂರಬೇಕಾಗಿತ್ತು. ಒಂದು ಬೆಳಿಗ್ಗೆ ಸೀಟಿ ಮುಗಿದ ಮೇಲೆ ಅವಳು ಚಾಪೆ ಸುತ್ತಿಟ್ಟು ಚೀಲಕ್ಕೆ ಬಟ್ಟೆ ತುಂಬಿಕೊಂಡಳು.

"ನಾನು ಅಕ್ಕನ ಮನೆಗೆ ಹೋಗ್ತೀನಿ. ನಿಮ್ಮಣ್ಣನಿಗೆ ನೀವೇ ಬಾಯಿಬಿಟ್ಟು ಹೇಳಿದ ದಿನ ಬರ್ತೀನಿ. ಅವರಾಗಿ ಎದ್ದು ಹೋದ್ರೆ ಬರಲ್ಲ, ತಿಳ್ಕೊಳ್ಳಿ. ನೀವು ಹೇಳಬೇಕು," ಎಂದಳು.

ಆಗ್ಲಪ್ಪ ಬಾಯಿ ತೆರೆದ. ಏನು ಹೇಳಲಿದ್ದನೆಂದು ಅವಳಿಗೆ ಗೊತ್ತಿದ್ದುದರಿಂದ, ಅದನ್ನು ಕೇಳಿಸಿಕೊಳ್ಳಲು ಅವಳು ನಿಲ್ಲಲಿಲ್ಲ.

ಆ ದಿನವೇ ಅವನು ಪಟ್ಟು ಹಿಡಿದ. ಹೆಂಡತಿ ಮನೆಗೆ ಬರಬೇಕು, ಅದಕ್ಕೆ ಅಣ್ಣನಿಗೆ ಹೇಳಬೇಕು, ಹೇಳಲು ಬಾಯಿ ಬರಬೇಕು. ಬಾಯಿ ಬರಿಸುವವರು ಎಲ್ಲಿ ಸಿಗುತ್ತಾರೆಂದು ಫೋನಿನಲ್ಲಿ ಹುಡುಕುತ್ತಿದ್ದಾಗ, ಮನಸ್ಸಿನ ಒತ್ತಡ, ಆತಂಕ, ಸಂಸಾರದ ತೊಡಕು ಎಲ್ಲವನ್ನೂ ಕೂತಲ್ಲಿಯೇ ಪರಿಹರಿಸುವ ಆನ್‌ಲೈನ್ ಕೌನ್ಸೆಲರ್ ಒಬ್ಬರು ಸಿಕ್ಕಿದರು. ಕೂತಲ್ಲಿಯೇ ಸರಿ, ಆದರೆ ಕೂರುವುದೆಲ್ಲಿ? ಮನೆಯಲ್ಲಿ ಡ್ರಿಲ್ ಮೇಷ್ಟ್ರ ಕಿವಿ ಪಕ್ಕದ ಮನೆಯ ನಲ್ಲಿಯ ಸದ್ದನ್ನೂ ಬಿಡುತ್ತಿರಲಿಲ್ಲ. ಉಳಿದಿದ್ದು ಅಂಗಡಿ. ಮಹಡಿಯ ಮೂಲೆಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಒಂದು ಮಾದರಿ ಮಲಗುವ ಕೋಣೆಯನ್ನು ಸಜ್ಜುಗೊಳಿಸಿದ್ದರು. ಮೂರು ಗೋಡೆ, ಒಂದು ಭರ್ಜರಿ ಮಂಚ, ಪಕ್ಕದಲ್ಲಿ ದೀಪ, ಪರದೆ ಹಾಕಿದ ಕಿಟಕಿ. ಕಿಟಕಿಯ ಆಚೆ ಆಕಾಶದ ಚಿತ್ರ ಅಂಟಿಸಿದ್ದರು. ಊಟದ ಹೊತ್ತಿನಲ್ಲಿ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಮಂಚಕ್ಕೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ಅವನು ಫೋನು ಹಿಡಿದ.

ಫೋನಿನ ಪರದೆಯ ಮೇಲೆ ಕನ್ನಡಕ ಹಾಕಿದ ಹೆಣ್ಣುಮಗಳೊಬ್ಬಳು ಕಾಣಿಸಿಕೊಂಡು, ಹಿತವಾದ ದನಿಯಲ್ಲಿ ನಮಸ್ಕಾರ ಹೇಳಿದಳು. ಎದುರಿನವರು ನಿರಾಳವಾಗಲಿ ಎಂದೋ ಏನೋ, ನಿಮ್ಮ ರೂಮು ಬಹಳ ಚೆನ್ನಾಗಿದೆ ಎಂದಳು. ಇದು ನನ್ನ ರೂಮಲ್ಲ ಮೇಡಂ, ಅಂಗಡಿ ಎಂದು ಹೇಳುವ ಮನಸ್ಸು ಅವನಿಗೆ ಖಂಡಿತ ಇತ್ತು. ಆದರೆ ಹೆಣ್ಣುಮಗಳೊಬ್ಬಳು ಪ್ರೀತಿಯಿಂದ ಹೇಳಿದ ಮೊದಲ ಮಾತನ್ನೇ ಅಲ್ಲಗಳೆಯುವುದು ಹೇಗೆ? ಜೊತೆಗೆ, ಅಂಥ ರೂಮು ತನ್ನದೆಂದು ಒಬ್ಬರಾದರೂ ನಂಬಿದ್ದು ಸ್ವಲ್ಪ ಖುಷಿಯೂ ಆಯಿತು. ಹೂಂ ಮೇಡಂ ಎಂದು ಹೇಳಿ, ಮಂಚದ ಕಾಲಿಗೆ ನೇತುಹಾಕಿದ್ದ ರಿಯಾಯಿತಿಯ ಚೀಟಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದ. ಮುಂದಿನ ಅನಾಹುತಗಳೆಲ್ಲ ಹುಟ್ಟಿದ್ದು ಆ ಒಂದು ಹೂಂನಿಂದ.

ಆಮೇಲೆ ಅವನು ತನ್ನ ಕಷ್ಟ ತೋಡಿಕೊಂಡ. ನಿದ್ದೆ ಇಲ್ಲ, ಎದೆ ಡವಡವ ಎನ್ನುತ್ತದೆ, ರಸ್ತೆಯಲ್ಲಿ ಪೊಲೀಸರು ಸೀಟಿ ಊದಿದರೂ ತಾನು ನೆಟ್ಟಗೆ ನಿಂತುಬಿಡುತ್ತೇನೆ, ಮಲಗುವುದು ನೆಲದ ಮೇಲೆ ಎಂದ. ಇಷ್ಟು ಒಳ್ಳೆಯ ಮಂಚವಿದ್ದೂ ನೆಲದ ಮೇಲೇಕೆ ಎಂದು ಅವಳು ಕೇಳಿದಳು.

"ಮಂಚದ ಮೇಲೆ ಬೇರೆಯವರು ಮಲಗ್ತಾರೆ ಮೇಡಂ. ಏಳಿ ಅನ್ನೋಕೆ ನನಗೆ ಬಾಯಿ ಬರಲ್ಲ."

ಸರಿಯಾಗಿ ಅದೇ ಹೊತ್ತಿಗೆ ಊಟದ ಸಮಯ ಎಂಬುದನ್ನು ಲೆಕ್ಕಿಸದ ಗಿರಾಕಿ ದಂಪತಿಗಳು ಮಹಡಿ ಹತ್ತಿ ಬಂದರು. ಗಂಡ ಬೂಟುಗಾಲನ್ನು ಹೊರಗೆ ಇಳಿಬಿಟ್ಟು ಮಂಚದ ಮೇಲೆ ಉದ್ದಕ್ಕೂ ಮಲಗಿದ. ಹೆಂಡತಿ ಪಕ್ಕದಲ್ಲಿ ಕೂತು ಕುಪ್ಪಳಿಸಿ ನೋಡಿದಳು. ಕೌನ್ಸೆಲರ್ ಮುಂದಕ್ಕೆ ಬಾಗಿ, ನಿಮ್ಮ ಹಿಂದೆ ಮಲಗಿರುವವರು ಯಾರು ಎಂದು ಮೆಲ್ಲಗೆ ಕೇಳಿದಳು. ಆಗ್ಲಪ್ಪ ತಿರುಗಿ ನೋಡಿ, ಗೊತ್ತಿಲ್ಲ ಮೇಡಂ ಎಂದ. ನಂತರ ಮಂಚದ ಕಡೆಗೆ ನಗೆ ಬೀರಿ, ದಿಂಬು ಬೇಕಾ ಸಾರ್ ಎಂದು ವಿಚಾರಿಸಿದ. ಕೌನ್ಸೆಲರ್ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಮುಂದಿನ ವಾರ ಅವನು ಕೂತಾಗ ಹಿಂದೆ ಬೇರೆ ಮಂಚವಿತ್ತು, ತಲೆಯ ಕಡೆ ಕನ್ನಡಿ ಇದ್ದದ್ದು. ಅವಳು ಅದನ್ನೇ ನೋಡುತ್ತ, ಹಳೆಯ ಮಂಚ ಏನಾಯಿತು ಎಂದಳು.

"ತಗೊಂಡು ಹೋದ್ರು ಮೇಡಂ."

"ಯಾರು?"

"ಹೋದ ವಾರ ಮಲಗಿದ್ರಲ್ಲ, ಅವರೇ."

"ನೀವು ಸುಮ್ನೆ ನೋಡ್ತಾ ನಿಂತಿದ್ರಾ?"

"ಸುಮ್ನೆ ಯಾಕೆ ನಿಲ್ಲಲಿ ಮೇಡಂ. ನಾನೇ ಬಿಚ್ಚಿ ಕಟ್ಟಿ, ಕೆಳಗೆ ಲಾರಿವರೆಗೂ ಹೊತ್ಕೊಂಡು ಹೋಗಿ ಕೊಟ್ಟೆ."

ಕೌನ್ಸೆಲರ್ ಒಂದು ಲೋಟ ನೀರು ಕುಡಿದಳು. ಬಹಳ ಜನರ ದುಃಖ ಕೇಳಿದ್ದವಳು ಅವಳು, ಆದರೆ ಅಪರಿಚಿತರು ಮಲಗುವ ಕೋಣೆಗೆ ನುಗ್ಗಿ, ಮಲಗಿ, ಮಂಚವನ್ನೇ ಹೊತ್ತೊಯ್ಯುವಾಗ ಹೆಗಲು ಕೊಡುವ ಮನುಷ್ಯನನ್ನು ಕಂಡಿರಲಿಲ್ಲ. ಅವಳು ಕನ್ನಡಕ ಸರಿಮಾಡಿಕೊಂಡು, ಇನ್ನು ತಡಮಾಡುವಂತಿಲ್ಲ ಎಂದಳು. ಅವನಿಗೆ ಒಂದು ವಾಕ್ಯ ಹೇಳಿಕೊಟ್ಟಳು: "ಇದು ನನ್ನ ರೂಮು. ದಯವಿಟ್ಟು ಎದ್ದೇಳಿ." ಇದನ್ನು ದಿನಾ ಒಬ್ಬರಿಗಾದರೂ ಹೇಳಬೇಕು, ಮೊದಲು ಸುಲಭದವರಿಂದ ಶುರು ಮಾಡಬೇಕು, ಕಷ್ಟದವರು ಆಮೇಲೆ. ಹೇಳುವಾಗ ನಗಬಾರದು, ದಿಂಬು ಕೊಡಬಾರದು.

ಸುಲಭದವರು ಯಾರು ಎಂದು ಆಗ್ಲಪ್ಪ ಯೋಚಿಸಿದ. ಅಣ್ಣನಂತೂ ಅಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಂಚದ ಮೇಲೆ ಮಲಗುವವರು ಅವನಿಗೆ ಸಿಗುತ್ತಿದ್ದುದು ಅಂಗಡಿಯಲ್ಲಿ ಮಾತ್ರ. ಮೇಡಂ ಹೇಳಿದ ಮೇಲೆ ಮುಗಿಯಿತು, ಅವನು ನಿರ್ಧಾರ ಮಾಡಿಬಿಟ್ಟ.

ಮೊದಲು ಸಿಕ್ಕಿದವನು ದಪ್ಪನೆಯ ಕಂಟ್ರಾಕ್ಟರು. ಹೆಂಡತಿ ಸೋಫಾ ನೋಡುತ್ತಿದ್ದಾಗ ಅವನು ಮಂಚದ ಮೇಲೆ ಒರಗಿ ಕಣ್ಣು ಮುಚ್ಚಿದ್ದ. ಆಗ್ಲಪ್ಪ ಎದುರಿಗೆ ನಿಂತು, ಕೈ ಹಿಂದೆ ಕಟ್ಟಿಕೊಂಡು ವಾಕ್ಯವನ್ನು ಹೇಳಿದ. ಕಂಟ್ರಾಕ್ಟರು ಬೆಚ್ಚಿ ಎದ್ದು ಕೂತ. ಹೆಂಡತಿ ಓಡಿಬಂದು ಏನು ಸಮಾಚಾರ ಎಂದಳು. ಇದು ಈತನ ರೂಮಂತೆ, ಬೇರೆಯವರು ಮಲಗಬಾರದಂತೆ ಎಂದ ಗಂಡ. ಅವಳು ಮಂಚದ ಸುತ್ತ ಒಂದು ಸುತ್ತು ಬಂದಳು. ಅಂಗಡಿಯವನೇ ತನಗೆಂದು ಇಟ್ಟುಕೊಳ್ಳುವ ಮಂಚವೆಂದರೆ ಅದರಲ್ಲಿ ಏನೋ ಇರಬೇಕು, ನಮಗೆ ಇದೇ ಬೇಕು ಎಂದು ಹಟ ಹಿಡಿದಳು. ಆಗ್ಲಪ್ಪ ನಿಯಮದ ಪ್ರಕಾರ ನಗಲಿಲ್ಲ. ಅವನು ನಗದಿದ್ದಷ್ಟೂ ಅವಳ ಹಟ ಹೆಚ್ಚಿತು. ಸಂಜೆಗೆ ಮಂಚ ಅವರ ಮನೆ ಸೇರಿತು.

ಮಾರನೆಯ ದಿನವೂ ಹೀಗೇ ಆಯಿತು, ಅದರ ಮಾರನೆಯ ದಿನವೂ. ಮಾಲೀಕರು ಮಹಡಿ ಹತ್ತಿ ಬಂದು ಅವನ ಬೆನ್ನು ತಟ್ಟಿ, ಇಷ್ಟು ವರ್ಷ ಈ ವಿದ್ಯೆಯನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು, ಎಲ್ಲ ವಿಭಾಗದವರೂ ಇದನ್ನೇ ಅನುಸರಿಸಬೇಕೆಂದು ಅಪ್ಪಣೆ ಮಾಡಿದರು. ಸೋಫಾ ವಿಭಾಗದವನು ಸ್ವಭಾವತಃ ಒರಟ. ಅವನು ವಯಸ್ಸಾದ ಹೆಂಗಸೊಬ್ಬಳಿಗೆ ಎದ್ದೇಳ್ರೀ ಎಂದು ಗದರಿ ಕೊಡೆಯ ಏಟು ತಿಂದ. ಊಟದ ಮೇಜಿನ ವಿಭಾಗದವನು, ನಾನಿಲ್ಲಿ ಊಟ ಮಾಡಬೇಕು ಏಳಿ ಎಂದಾಗ ಗಿರಾಕಿಗಳು ಅವನಿಗೆ ಊಟವಾಗಿಲ್ಲವೆಂದು ತಿಳಿದು ಮರುಗಿ, ತಮ್ಮ ಬುತ್ತಿ ಬಿಚ್ಚಿ ಕೊಟ್ಟರು. ಅವನು ಮಾತ್ರ ಈ ಹೊಸ ಪದ್ಧತಿಯನ್ನು ಮನಸಾರೆ ಒಪ್ಪಿಕೊಂಡ.

ಅಂಗಡಿಯಲ್ಲಿ ಹುಲಿಯಾದವನು ಮನೆಯಲ್ಲಿ ಇಲಿಯಾಗಿಯೇ ಉಳಿದ. ದಿನಾ ಸಂಜೆ ಕೋಣೆಯ ಬಾಗಿಲಲ್ಲಿ ನಿಂತು, "ಅಣ್ಣ, ಇದು ನನ್ನ..." ಎಂದು ಶುರುಮಾಡುತ್ತಿದ್ದ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಿ, ಮಾತಾಡುವುದಿದ್ದರೆ ಮೊದಲು ಬೆನ್ನು ನೆಟ್ಟಗೆ ಮಾಡು, ಗಲ್ಲ ಮೇಲೆತ್ತು, ಉಸಿರು ಒಳಗೆ ತಗೋ ಎನ್ನುತ್ತಿದ್ದರು. ಅವನು ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಉಸಿರು ಎಳೆದುಕೊಂಡ ಕೂಡಲೇ ಉಸಿರಿನ ಜೊತೆ ಮಾತೂ ಹೊಟ್ಟೆಗೆ ಇಳಿದುಹೋಗುತ್ತಿತ್ತು. ಕೊನೆಗೆ, ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಏಳಬೇಕು ಅಣ್ಣ ಎಂದು ಕೇಳಿ ಬಂದು ಚಾಪೆ ಬಿಡಿಸುತ್ತಿದ್ದ. ಒಬ್ಬನೇ ಮಲಗಿದಾಗ ಫ್ರಿಜ್ಜು ಗುರ್ರೆಂದರೂ ತಿವಿಯುವವರಿಲ್ಲ ಎನ್ನುವುದು ಅವನ ಎದೆಗೆ ಚುಚ್ಚುತ್ತಿತ್ತು. ನಾಳೆ ಹೇಳಿಯೇ ಹೇಳುತ್ತೇನೆ ಎಂದು ಪ್ರತಿಸಲವೂ ಹಲ್ಲು ಕಚ್ಚಿ ಅಂದುಕೊಳ್ಳುತ್ತಿದ್ದ.

ಇಷ್ಟರಲ್ಲಿ ಎದುರು ಮನೆಯ ನರ್ಸಮ್ಮ ನಡುವೆ ಬಂದರು. ಕೆಲಸದಿಂದ ನಿವೃತ್ತರಾಗಿದ್ದರೂ ಬೀದಿಯ ಎಲ್ಲರ ನಾಡಿ ಹಿಡಿದು ನೋಡುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಸ್ಟೂಲು ಕೊಳ್ಳಲೆಂದು ಅಂಗಡಿಗೆ ಹೋದವರು, ಮಲಗುವ ಕೋಣೆಯಲ್ಲಿ ಕೂತು ಆಗ್ಲಪ್ಪ ಫೋನಿನಲ್ಲಿ ಹೆಣ್ಣೊಬ್ಬಳಿಗೆ, ನೀವು ಹೇಳಿದ ಹಾಗೇ ಮಾಡುತ್ತೇನೆ, ಇನ್ನು ತಡಮಾಡುವುದಿಲ್ಲ ಎಂದು ಪಿಸುಗುಟ್ಟುವುದನ್ನು ಕೇಳಿದರು. ಸ್ಟೂಲು ಕೊಳ್ಳದೆ ಸೀದಾ ಬಂದು ಡ್ರಿಲ್ ಮೇಷ್ಟ್ರ ಎದುರು ಕೂತು, ಹೆಂಡತಿ ಅತ್ತ ಹೋದಳು, ಈತ ಇತ್ತ ಕೆಟ್ಟ ಎಂದು ಕಣ್ಣೊರೆಸಿಕೊಂಡರು. ತಮ್ಮನ ಹೆಂಡತಿ ಅಕ್ಕನಿಗೆ ಹುಷಾರಿಲ್ಲವೆಂದು ಹೋಗಿದ್ದಾಳೆ ಎಂದು ಅವನಿಂದಲೇ ಕೇಳಿ ನಂಬಿದ್ದ ಮೇಷ್ಟ್ರ ಕಣ್ಣು ಕೆಂಪಗಾಯಿತು. ನಾಳೆ ನಾನೇ ಕೈಯಾರೆ ಹಿಡಿಯುತ್ತೇನೆ ಎಂದು ಬಿಳಿ ಕ್ಯಾನ್ವಾಸ್ ಬೂಟಿಗೆ ಪಾಲಿಶ್ ಹಚ್ಚಿದರು.

ಮರುದಿನ ಕೌನ್ಸೆಲರ್ ಜೊತೆ ಪರದೆಯ ಇನ್ನೊಂದು ಚೌಕದಲ್ಲಿ ಅದೇ ಕಸುಬಿನ, ಬಿಳಿ ಗಡ್ಡದ ಹಿರಿಯರೊಬ್ಬರು ಕೂತಿದ್ದರು. ಪ್ರಕರಣ ಗಂಭೀರ, ಮುಂದಿನ ವಾರದವರೆಗೆ ಕಾಯುವಂತಿಲ್ಲ ಎಂದು ಅವಳೇ ಅವರನ್ನು ಕರೆಸಿಕೊಂಡಿದ್ದಳು. ಆಗ್ಲಪ್ಪ ತನ್ನ ಸಾಧನೆ ವಿವರಿಸಿದ. ಈ ವಾರ ದಿನಾ ಒಬ್ಬರನ್ನು ಎಬ್ಬಿಸಿದ್ದೇನೆ ಎಂದ. ಎಬ್ಬಿಸಿದ ಮೇಲೆ ಅವರೇನು ಮಾಡಿದರು ಎಂದು ಹಿರಿಯರು ಕೇಳಿದರು. ಎಲ್ಲರೂ ಮಂಚ ತೆಗೆದುಕೊಂಡು ಹೋದರು ಎಂದ. ಹಿರಿಯರು ಗಡ್ಡ ನೀವಿಕೊಂಡು ಏನೋ ಬರೆದುಕೊಂಡರು.

ಅದೇ ಹೊತ್ತಿಗೆ ಡ್ರಿಲ್ ಮೇಷ್ಟ್ರು ಸದ್ದಿಲ್ಲದೆ ಮಹಡಿ ಹತ್ತಿದರು. ದೊಡ್ಡ ಗಿರಾಕಿಯೆಂದು ಭಾವಿಸಿ ಕೈ ಉಜ್ಜುತ್ತ ಮಾಲೀಕರೂ ಹಿಂದೆ ಬಂದರು. ತಮ್ಮನ ಬೆನ್ನು ಕಾಣುತ್ತಿತ್ತು, ಫೋನು ಕಾಣುತ್ತಿತ್ತು. ಫೋನಿನಲ್ಲಿ ಹೆಣ್ಣಿನ ಜೊತೆ ಒಬ್ಬ ಗಡ್ಡದವನೂ ಇರುವುದನ್ನು ಕಂಡು ಮೇಷ್ಟ್ರಿಗೆ ಗೊಂದಲವಾಯಿತು. ಮರೆಯಲ್ಲಿ ಕೂತು ಇನ್ನಷ್ಟು ಕೇಳೋಣವೆಂದು ಮಂಚದ ಅಂಚಿಗೆ ಕೂತರು. ಹಾಸಿಗೆ ಮೆತ್ತಗಿತ್ತು. ಮೆಟ್ಟಿಲು ಹತ್ತಿ ದಣಿದಿದ್ದ ಬೆನ್ನು ತಾನಾಗಿಯೇ ಹಿಂದಕ್ಕೆ ವಾಲಿತು. ಒರಗಿದರೂ ಕೇಳಿಸುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡು ಅವರು ಕಾಲು ಚಾಚಿದರು.

ಕೌನ್ಸೆಲರ್ ಮುಖ ಬಿಗಿಯಿತು. "ನಿಮ್ಮ ಹಿಂದೆ ಮಂಚದ ಮೇಲೆ ಯಾರೋ ಮಲಗಿದ್ದಾರೆ. ಈಗಲೇ ಹೇಳಿ, ನಾವಿಬ್ಬರೂ ಇಲ್ಲೇ ಇದ್ದೀವಿ," ಎಂದಳು.

ಅಭ್ಯಾಸಬಲದಿಂದ ಆಗ್ಲಪ್ಪ ಎದ್ದು, ತಿರುಗಿ, ಗಟ್ಟಿ ದನಿಯಲ್ಲಿ ಹೇಳಿಯೇಬಿಟ್ಟ.

"ಇದು ನನ್ನ ರೂಮು. ದಯವಿಟ್ಟು ಎದ್ದೇಳಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಕಣ್ಣಿಗೆ ಕಂಡದ್ದು ಬಿಳಿ ಕ್ಯಾನ್ವಾಸ್ ಬೂಟು, ಸೀಟಿ, ಆಮೇಲೆ ಅಣ್ಣನ ಮುಖ. ಮೇಷ್ಟ್ರು ನಿಧಾನವಾಗಿ ಎದ್ದು ಕೂತರು. ಹಿಂದೆ ನಿಂತಿದ್ದ ಮಾಲೀಕರು, ಇನ್ನೇನು ವ್ಯಾಪಾರ ಕುದುರಿತು ಎಂದು ಮುಗುಳ್ನಕ್ಕರು.

"ಯಾರಿಗೆ ಹೇಳಿದ್ದೋ ಅದನ್ನ?" ಎಂದರು ಅಣ್ಣ.

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ಗಿರಾಕಿ ಅಂದುಕೊಂಡೆ ಅಣ್ಣ ಎಂದರೆ ಸಾಕು, ಎಲ್ಲರೂ ನಕ್ಕು ಮನೆಗೆ ಹೋಗುತ್ತಿದ್ದರು. ಆ ಮಾತು ಅವನ ನಾಲಿಗೆಯ ತುದಿಗೂ ಬಂದಿತ್ತು. ಆಗ ಅವನಿಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತ ಹೆಂಡತಿ ನೆನಪಾದಳು. ಈಗ ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ನಿನಗೇ ಅಣ್ಣ. ಈ ರೂಮಲ್ಲ, ನಮ್ಮ ಮನೆ ರೂಮು. ಅದು ನಂದು, ಅವಳದು. ಅವಳು ಅಕ್ಕನಿಗೆ ಹುಷಾರಿಲ್ಲ ಅಂತ ಹೋಗಿಲ್ಲ, ನಾನು ನಿನ್ನ ಹತ್ರ ಈ ಮಾತು ಹೇಳಲಿಲ್ಲ ಅಂತ ಹೋದಳು. ನೀನು ನಿನ್ನ ಮನೆಗೆ ಹೋಗಬೇಕು."

ಮೇಷ್ಟ್ರು ಗದರುತ್ತಾರೆಂದು ತಮ್ಮ ಕಾದ. ಅವರು ಗದರಲಿಲ್ಲ. ಕೊರಳ ಸೀಟಿಯನ್ನು ಬೆರಳಿನಲ್ಲಿ ತಿರುವುತ್ತ ನೆಲ ನೋಡಿದರು.

"ಆ ಮನೇಲಿ ನಾನು ಬೆಳಿಗ್ಗೆ ಯಾರನ್ನ ಎಬ್ಬಿಸಲೋ?" ಎಂದರು.

ಇಷ್ಟು ವರ್ಷದಲ್ಲಿ ಅಣ್ಣ ಆಗ್ಲಪ್ಪನನ್ನು ಹೀಗೆ ದಾರಿ ಕೇಳಿದ್ದು ಇದೇ ಮೊದಲು. ಬೇಡ ಅಣ್ಣ, ನಮ್ಮ ಮನೇಲೇ ಇದ್ದುಬಿಡು ಎನ್ನುವ ಮಾತು ಬಾಯಿಯವರೆಗೂ ಬಂತು. ಅವನು ಅದನ್ನು ನುಂಗಿಕೊಂಡ. ಮುಂದೆ ಹೇಳಿದ್ದು ಕೌನ್ಸೆಲರ್ ಕಲಿಸಿದ್ದಲ್ಲ.

"ನನ್ನನ್ನೇ ಎಬ್ಬಿಸು. ಫೋನ್ ಮಾಡಿ ಸೀಟಿ ಊದು, ಎದ್ದು ನಿಂತ್ಕೋತೀನಿ. ಊಟಕ್ಕೆ ದಿನಾ ಬಾ, ಬರದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಮಲಗೋದು ಮಾತ್ರ ನಿನ್ನ ಮನೇಲಿ ಅಣ್ಣ."

ಮೇಷ್ಟ್ರು ಎದ್ದು ನಿಂತು ತಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬೆನ್ನು ನೆಟ್ಟಗಿತ್ತು. ಈ ಒಂದು ಮಾತು ಹೇಳಲು ಇಷ್ಟು ಕಾಲ ಬೇಕಾಯಿತೇ ಎಂದು ಗೊಣಗಿದರು. ಆಮೇಲೆ ಫೋನಿನ ಕಡೆ ಕೈ ತೋರಿಸಿ ಇವರೆಲ್ಲ ಯಾರು ಎಂದು ಕೇಳಿದರು. ನನಗೆ ಮಾತು ಕಲಿಸುವವರು ಎಂದ ತಮ್ಮ. ಮೇಷ್ಟ್ರು ಪರದೆಗೆ ಮುಖ ಕೊಟ್ಟು, "ಚೆನ್ನಾಗಿ ಕಲಿಸಿದ್ದೀರಿ. ಆದ್ರೆ ಇಬ್ಬರೂ ಗೂನು ಬೆನ್ನು ಮಾಡ್ಕೊಂಡು ಕೂತಿದ್ದೀರಿ," ಎಂದರು. ಕೌನ್ಸೆಲರೂ ಗಡ್ಡದ ಹಿರಿಯರೂ ಒಟ್ಟಿಗೆ ನೆಟ್ಟಗಾದರು.

ಇಷ್ಟೆಲ್ಲ ಆದಮೇಲೂ ಮಾಲೀಕರಿಗೆ ಅದು ವ್ಯಾಪಾರವೇ ಆಗಿತ್ತು. ಅವರು ಮುಂದೆ ಬಂದು, ರಿಯಾಯಿತಿಯ ಚೀಟಿಯನ್ನು ಫೋನಿಗೇ ಕಾಣುವಂತೆ ತಿರುಗಿಸಿ, ಸಾರ್, ಈ ಮಂಚ ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದರು. ಮೇಷ್ಟ್ರು ಹಾಸಿಗೆಯನ್ನು ಇನ್ನೊಮ್ಮೆ ಒತ್ತಿ ನೋಡಿ, ನಮ್ಮ ಮನೆಗೆ ಕಳಿಸಿ ಎಂದರು. ಚೀಟಿ ಕಂಡ ಕೌನ್ಸೆಲರ್, ಇದು ಅಂಗಡಿಯೇ ಎಂದು ಕ್ಷೀಣವಾಗಿ ಕೇಳಿದಳು. ಹೌದು ಮೇಡಂ, ಮೊದಲ ದಿನವೇ ಹೇಳಬೇಕಿತ್ತು, ತಪ್ಪಾಯಿತು ಎಂದ ಆಗ್ಲಪ್ಪ. ಹಾಗಾದರೆ ಮಂಚ ಹೊತ್ತೊಯ್ದವರೆಲ್ಲ ಎಂದು ಅವಳು ಶುರುಮಾಡಿ, ಪೂರ್ತಿ ಮಾಡಲಾರದೆ ಮುಖ ಮುಚ್ಚಿಕೊಂಡು ನಕ್ಕಳು. ಹಿರಿಯರು ಮಾತ್ರ ಬೆನ್ನು ಬಗ್ಗಿಸುವ ಧೈರ್ಯವಾಗದೆ ಹಾಗೇ ಕೂತಿದ್ದರು.

ಸುದ್ದಿ ಮುಟ್ಟಿಸಲು ನರ್ಸಮ್ಮನಿದ್ದ ಮೇಲೆ ತಡವೇನು. ಮೇಷ್ಟ್ರ ಪೆಟ್ಟಿಗೆ ಎರಡು ಬೀದಿ ದಾಟುವ ಮೊದಲೇ ಹೆಂಡತಿಯ ಆಟೋ ಮನೆಯ ಮುಂದೆ ನಿಂತಿತು. ಅವಳು ಗಂಡನ ಜೊತೆ ಮಾತಾಡಲಿಲ್ಲ. ಕೋಣೆ ಗುಡಿಸಿದಳು, ಹೊಸ ಹೊದಿಕೆ ಹಾಸಿದಳು, ಕಿಟಕಿ ತೆರೆದಳು. ಸಂಜೆ ಭಾವನವರು ಬಂದಾಗ ಎರಡು ಸಲ ಒತ್ತಾಯ ಮಾಡಿ ಬಡಿಸಿದಳು. ಅವರು ಹೊಟ್ಟೆ ತುಂಬ ಉಂಡು, ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟು ತಮ್ಮ ಮನೆಗೆ ಹೊರಟರು. ಬಾಗಿಲು ಹಾಕಿ ಬಂದವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು.

"ಅಕ್ಕನ ಮನೆಗೆ ಹೊಸ ನೆಲ ಹಾಕಿಸ್ತಾರಂತೆ. ಒಂದು ವಾರ ಅವಳೂ ಅವಳ ಗಂಡನೂ ಇಲ್ಲಿಗೆ ಬರಬೇಕು ಅಂತಿದ್ದಾರೆ. ರೂಮು ಅವರಿಗೆ ಕೊಟ್ಟು ನಾವು ಹಾಲಲ್ಲಿ ಮಲಗಿದ್ರಾಯ್ತು, ಅಲ್ವಾ?"

ಆಗ್ಲಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಷ್ಟು ದಿನ ಇವಳಿಗೆ ಆಸರೆ ಕೊಟ್ಟ ಮನೆಯವರು ಅವರು. ಈಗಷ್ಟೇ ತಿರುಗಿ ಬಂದವಳು ಇವಳು. ಇವಳೇ ಕೇಳಿದರೆ ಏನು ಹೇಳಬೇಕೆಂದು ಯಾವ ಮೇಡಮ್ಮೂ ಹೇಳಿಕೊಟ್ಟಿರಲಿಲ್ಲ. ಅವನು ಕೈ ಹಿಂದೆ ಕಟ್ಟಿಕೊಂಡ, ಬಿಚ್ಚಿದ, ಮತ್ತೆ ಕಟ್ಟಿಕೊಂಡ.

"ಬೇಡ," ಎಂದ. "ಹಗಲು ಬಂದು ಇರಲಿ, ಉಣ್ಣಲಿ. ರೂಮು ಮಾತ್ರ ಕೊಡಲ್ಲ. ನೀನು ಸಿಟ್ಟು ಮಾಡ್ಕೊಂಡ್ರೂ ಕೊಡಲ್ಲ."

ಅವಳು ಅವನನ್ನೇ ನೋಡಿದಳು. ಚೀಲ ಎತ್ತಿಕೊಳ್ಳುತ್ತಾಳೇನೋ ಎಂದು ಅವನು ಅದರ ಕಡೆಗೊಮ್ಮೆ ನೋಡಿದ.

"ಆಗಲ್ಲ ಅಂತ ಅಕ್ಕನಿಗೆ ನಾನು ಹೊರಡುವಾಗಲೇ ಹೇಳಿಬಿಟ್ಟೆ. ನೀವೇನಂತೀರ ನೋಡೋಣ ಅನ್ನಿಸ್ತು," ಎಂದು ಹೇಳಿ ಅವಳು ಕೋಣೆಯೊಳಗೆ ಹೋದಳು.

ಆಗ್ಲಪ್ಪ ಹಾಲಿನಲ್ಲಿಯೇ ನಿಂತಿದ್ದ. ನಗಬೇಕೋ ಸಿಟ್ಟಾಗಬೇಕೋ ಅವನಿಗಿನ್ನೂ ತಿಳಿದಿರಲಿಲ್ಲ. ಒಳಗೆ ಅವಳು ದಿಂಬು ಕೊಡವಿ ಹಾಕುವ ಸದ್ದು ಕೇಳಿಸಿತು. ಆಮೇಲೆ ಅವಳ ದನಿ.

"ಒಳಗೆ ಬರ್ತೀರೋ, ಇಲ್ಲ ಅದಕ್ಕೂ ಆ ಮೇಡಂನ ಕೇಳಬೇಕೋ?"